ನೀರುಗುಳ್ಳೆ

ಮರುದಿನ ಹಿರಿಮಗಳು ನಿಯೆವೆಸ್‌ಳನ್ನು ಆಪರೇಷನ್ನಿಗೆಂದು ವಾಂಕಾಯೋ ಪಟ್ಟಣಕ್ಕೆ ಕರೆದೊಯ್ಯಬೇಕಿತ್ತು. ದಾರಿಯ ಬುತ್ತಿಗೆ ತಿಬುರ್ಸಿಯೊ ಅಂಗಳದಲ್ಲೇ ಕುರಿ ಕಡಿದ. ಹೆಂಡತಿ ಎವುದೋಸಿಯ ಬೋಗುಣಿ ಹಿಡಿದು ಎದುರಿಗೆ ಕೂತಿದ್ದಳು.

"ಥೂ, ಇದರ ಲಿವರ್ ತುಂಬಾ ನೀರುಗುಳ್ಳೆ. ಪುಕಾ, ಬಾರೋ, ನಿಂಗೇ ಹಬ್ಬ ಇವತ್ತು!" ಎಂದು ತಿಬುರ್ಸಿಯೊ ನಾಯಿಯನ್ನು ಕರೆದ.

ಕೆಟ್ಟ ಲಿವರನ್ನು ಮನೆಯ ನಾಯಿಗೆ ಹಾಕುವುದು ಆ ಬೆಟ್ಟದವರಿಗೆಲ್ಲ ಅಜ್ಜನ ಕಾಲದಿಂದ ಬಂದ ರೂಢಿ. ಎವುದೋಸಿಯಳೂ ಎಷ್ಟು ಸಲ ಹಾಗೆ ಎಸೆದಿದ್ದಳೋ.

ಇವತ್ತು ಮಾತ್ರ ಆ ಬಿಳಿ ಗುಳ್ಳೆಗಳಿಂದ ಕಣ್ಣು ಕೀಳಲಾಗಲಿಲ್ಲ. ಹೋದ ವಾರ ಡಾಕ್ಟರು ನಿಯೆವೆಸ್‌ಳ ಹೊಟ್ಟೆಯ ಚಿತ್ರ ತೋರಿಸಿ, "ಲಿವರಿನಲ್ಲಿ ನೀರಿನ ಚೀಲ ಬೆಳೆದಿದೆಯಮ್ಮ. ನಾಯಿಯ ಹೊಟ್ಟೆಯ ಹುಳದಿಂದ ಬರೋ ಕಾಯಿಲೆ ಇದು, ಅದು ನೆಕ್ಕಿದರೂ ಅಂಟುತ್ತೆ," ಎಂದಿದ್ದರು. ಆಗ ಅವಳು ನಂಬಿರಲಿಲ್ಲ. ಪುಕಾ ಯಾರನ್ನೂ ಕಚ್ಚಿದ ನಾಯಿಯೇ ಅಲ್ಲ. ಈಗ ನೋಡಿದರೆ, ಚಿತ್ರದಲ್ಲಿ ಕಂಡದ್ದೂ ಇಂಥದೇ ಗುಳ್ಳೆ.

"ಹಾಕ್ಬೇಡ ಮಾರಾಯಾ! ಇದನ್ನ ತಿಂದೇ ನಾಯಿಗೆ ಆ ಹುಳ ಬಂದಿರೋದು!"

"ಮತ್ತೇನು, ನೀನು ತಿಂತೀಯಾ?" ಎಂದು ನಗುತ್ತಲೇ ಅವನು ಎಸೆದುಬಿಟ್ಟ. ಪುಕಾ ಎರಡೇ ತುತ್ತಿಗೆ ನುಂಗಿ, ಹೊಸ್ತಿಲ ಮೇಲೆ ಆಲೂಗೆಡ್ಡೆ ತಿನ್ನುತ್ತಿದ್ದ ಕಿರಿಮಗಳ ಬಳಿ ಓಡಿತು. ಮೂರು ವರ್ಷದ ದೆಲ್ಮಿರ ಅದರ ಕುತ್ತಿಗೆ ತಬ್ಬಿದಳು. ನಾಯಿ ಅವಳ ಬಾಯಿ ನೆಕ್ಕಿತು.

ಎವುದೋಸಿಯ ಬೋಗುಣಿ ಬಿಸುಟು ಓಡಿ, ಸೋಪು ಹಚ್ಚಿ ಮಗುವಿನ ಮುಖ ತಿಕ್ಕತೊಡಗಿದಳು.

"ಉರಿಯತ್ತಮ್ಮಾ, ಬಿಡು!"

ಅವಳು ಬಿಡಲಿಲ್ಲ. ಚೀಲ ಬೆಳೆದು ಕಾಣಿಸಿಕೊಳ್ಳಲು ವರ್ಷಗಳೇ ಬೇಕು ಎಂದೂ ಡಾಕ್ಟರು ಹೇಳಿದ್ದರು. ಈ ಮಗು ಹುಟ್ಟಿದಾಗಿನಿಂದಲೂ ಪುಕಾ ಅದನ್ನು ನೆಕ್ಕುತ್ತಿತ್ತು.