ಗ್ರೀಸಿನಡಿಯ ನಂಬರು

ಮಾವ ತೀರಿಕೊಂಡ ವರ್ಷ ಅವರ ಫಿಯೆಟ್ ಯಾರಿಗೆ ಸೇರಬೇಕು ಎಂಬ ಮಾತು ಬಂದಾಗ ನಾನು ಸಂಕೋಚವಿಲ್ಲದೆ ನನ್ನ ಹೆಸರನ್ನೇ ಹೇಳಿದೆ. ಅವರ ಮಗ ಪ್ರಾಪ್ತೊ ಅಲ್ಲೇ ಕೂತಿದ್ದ. ಅವನಿಗೂ ಕಾರಿನ ಮೇಲೆ ಆಸೆಯಿತ್ತು. ಆದರೆ ಅವನ ಉಗುರಿನ ಸಂದಿಯಲ್ಲಿ ಸದಾ ಕಪ್ಪು ಕೊಳೆ. ಏನನ್ನಾದರೂ ಬಿಚ್ಚಿ ಮತ್ತೆ ಜೋಡಿಸಿದರೆ ಒಂದು ಸ್ಕ್ರೂ ಹೊರಗೇ ಉಳಿಯುತ್ತಿತ್ತು.

"ನಿನ್ನ ಕೈಗೆ ಕೊಟ್ರೆ ಎರಡೇ ವರ್ಷಕ್ಕೆ ಗುಜರಿಗೆ ಹೋಗತ್ತೆ" ಎಂದು ಊಟಕ್ಕೆ ಕೂತವರೆಲ್ಲರ ಎದುರು ಹೇಳಿದೆ.

ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ. "ಹೌದು ಮಾಸ್. ನೀವು ಓದಿದೋರು."

ಅಕ್ಕನ ಗಂಡನೆಂದು ನನ್ನನ್ನು ಅವನು ಮಾಸ್, ಅಂದರೆ ಅಣ್ಣ, ಎನ್ನುತ್ತಿದ್ದ; ನಮ್ಮ ಕಡೆ ಹೆಂಡತಿಯೂ ಗಂಡನನ್ನು ಕರೆಯುವುದು ಹಾಗೆಯೇ. ನಮ್ಮೂರು ಸಾಲಾತಿಗಾದ ತಾಂತ್ರಿಕ ಶಾಲೆಯಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಅಳತೆಯಿಲ್ಲದೆ ಚಹಾಕ್ಕೆ ಸಕ್ಕರೆಯನ್ನೂ ಹಾಕಿಕೊಳ್ಳದವನು. 1962ರ ಆ ಕಾರನ್ನೂ ಹಾಗೆಯೇ ನೋಡಿಕೊಂಡೆ. ರಾತ್ರಿ ಅದರ ಹೊಟ್ಟೆಯಡಿ ರಟ್ಟು ಹಾಸಿ, ಬೆಳಿಗ್ಗೆ ಯಾವ ಹನಿ ಎಲ್ಲಿ ಬಿದ್ದಿದೆ ಎಂದು ನೋಡುತ್ತಿದ್ದೆ. ಕಂದು ಹನಿಯಾದರೆ ಗೇರ್ ಪೆಟ್ಟಿಗೆ, ತೆಳ್ಳಗಿದ್ದರೆ ಬ್ರೇಕ್. ಕೋಪೆಂಗ್ ಏರಿನಲ್ಲಿ ಎರಡನೇ ಗೇರಿಗೆ ಇಳಿಸಿ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟೇ ಹತ್ತಿಸಬೇಕು. ಎಲೆಕೋಸಿನ ಲಾರಿಯ ಹಿಂದೆ ಸಿಕ್ಕಿಬಿದ್ದರೆ ರೇಡಿಯೇಟರು ಕುದಿಯುವುದು ಖಚಿತ. ಹೆಂಡತಿ ಲಾಸ್ಮಿ ತನ್ನ ಪಕ್ಕದ ಗಾಜು ಜಾರದಂತೆ ಮಡಚಿದ ಬಸ್ ಟಿಕೆಟ್ಟು ಸಿಕ್ಕಿಸಿ ಕೂರುತ್ತಿದ್ದಳು. ಅದು ಅವಳಪ್ಪ ಕಲಿಸಿದ ಉಪಾಯ. ನಾನು ಹೊಸ ರಬ್ಬರು ತರಿಸಿ ಹಾಕಿದ ಮೇಲೂ ಟಿಕೆಟ್ಟು ಸಿಕ್ಕಿಸುವುದನ್ನು ಬಿಡಲಿಲ್ಲ.

ಉಪವಾಸದ ತಿಂಗಳಿಗೆ ಮುಂಚೆ ಹಿರಿಯರ ಸಮಾಧಿಗೆ ಹೂ ಹಾಕಿ ಬರುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಲಾಸ್ಮಿ ಅದಕ್ಕೆ ಬೇರೆ ಯಾವ ಗಾಡಿಯನ್ನೂ ಹತ್ತುತ್ತಿರಲಿಲ್ಲ. "ಇದರಲ್ಲಿ ಹೋದ್ರೆ ಅಪ್ಪಾನೇ ಕರ್ಕೊಂಡ್ ಹೋದ ಹಾಗಿರತ್ತೆ" ಎನ್ನುತ್ತಿದ್ದಳು.

ಕಾರು ನನ್ನ ಕೈಗೆ ಬಂದ ನಾಲ್ಕನೇ ವರ್ಷ, ಸಮಾಧಿಗೆ ಹೋಗುವ ಮೊದಲು, ಐದು ವರ್ಷಕ್ಕೊಮ್ಮೆಯ ತಪಾಸಣೆ ಬಂತು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜುತ್ತಾರೆ. ಅಂಕಿಗಳು ಮೂಡಬೇಕು, ದಾಖಲೆಗೆ ಹೊಂದಬೇಕು. ಹೊಂದದಿದ್ದರೆ ಕಾರು ರಸ್ತೆಗಿಳಿಯುವಂತಿಲ್ಲ.

ಫಿಯೆಟ್ಟಿನ ನಂಬರು ಎಂಜಿನ್ನಿಗೂ ಒಳಗೆ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯ ಮೇಲಿದೆ, ಬ್ಯಾಟರಿಯ ಪಕ್ಕದಲ್ಲೇ. ಮಾವ ಅದರ ಮೇಲೆ ಅಂಗೈಯಗಲ ಗ್ರೀಸು ಮೆತ್ತಿ, ಹಳೆಯ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದರು. ನನ್ನ ಕೈಗೆ ಬಂದ ಮೇಲೆ ನಾನು ಮುಟ್ಟದೆ ಬಿಟ್ಟಿದ್ದ ಕೊಳೆ ಅದೊಂದೇ. ಅಧಿಕಾರಿಯ ಮುಂದೆ ಅದನ್ನು ತೋರಿಸಲು ನಾಚಿಕೆಯಾಯಿತು. ಕೆರೆದು ತೆಗೆದೆ. ಒಳಗೆ ಅಂಕಿಗಳು ಕಂದು ಬಣ್ಣಕ್ಕೆ ತಿರುಗಿ, ಆದರೆ ಓದುವಷ್ಟು ಸ್ಪಷ್ಟವಾಗಿ ಕೂತಿದ್ದವು. ತುಕ್ಕು ನೋಡಿ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಶಾಲೆಯಿಂದ ಫಾಸ್ಫಾರಿಕ್ ಆಮ್ಲ ತಂದು, ಬಟ್ಟೆಯಲ್ಲಿ ಅದ್ದಿ, ನಂಬರಿನ ಮೇಲೆ ಒತ್ತಿ ಕಟ್ಟಿದೆ. ಎಷ್ಟು ಹೊತ್ತು ಬಿಡಬೇಕೆಂದು ಲೆಕ್ಕ ಹಾಕಿಯೇ ಬಿಟ್ಟೆ.

ಬಟ್ಟೆ ಬಿಚ್ಚಿದಾಗ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಕೊನೆಯ ನಾಲ್ಕು ಅಂಕಿಗಳಿರಲಿಲ್ಲ. ಬ್ಯಾಟರಿಯ ಹಬೆ ಆ ಜಾಗದ ಕಬ್ಬಿಣವನ್ನು ಎಂದೋ ತಿಂದು ಮುಗಿಸಿತ್ತು. ಅಂಕಿಗಳ ಆಕಾರ ತುಕ್ಕಿನಲ್ಲಿ ಮಾತ್ರ ಉಳಿದಿತ್ತು. ಆ ತುಕ್ಕನ್ನೇ ನಾನು ಕರಗಿಸಿದ್ದೆ.

ಮೆಕ್ಯಾನಿಕ್ ಕಾಸ್ದಿ ನನಗಿಂತ ಹಿರಿಯ, ಆದರೂ ಮೇಷ್ಟ್ರೆಂಬ ಗೌರವಕ್ಕೆ ನನ್ನನ್ನು ಪಾಕ್ ಗುರು ಎನ್ನುತ್ತಾನೆ. ಬಾನೆಟ್ಟಿನೊಳಗೆ ಬಗ್ಗಿ ನೋಡಿ ಹಲ್ಲುಕಡ್ಡಿಯನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ದಾಟಿಸಿದ.

"ಕನ್ನಡಿ ಮಾಡಿದೀರಲ್ಲ ಪಾಕ್ ಗುರು. ಮುಖ ಕ್ಷೌರ ಮಾಡ್ಕೋಬಹುದು."

"ತಮಾಷೆ ಬಿಡಪ್ಪ. ಏನ್ಮಾಡೋದು?"

"ನನ್ನ ಹತ್ರ ಅಂಕಿ ಅಚ್ಚಿದೆ, ಕುಟ್ಟಿ ಕೊಟ್ಟೇನು. ಆದ್ರೆ ಇಟಲಿಯವರ ಏಳು ಬೇರೆ, ನನ್ನ ಏಳು ಬೇರೆ. ಸಿಕ್ಕಿಬಿದ್ರೆ ಕಾರೂ ಹೋಯ್ತು, ನಿಮ್ಮ ನೌಕರೀನೂ ಹೋಯ್ತು." ಬಾನೆಟ್ಟನ್ನು ಅವನೇ ಮುಚ್ಚಿದ. "ಸೆಮಾರಾಂಗಲ್ಲಿ ಪೊಲೀಸರ ಪ್ರಯೋಗಾಲಯ ಇದೆ. ಅಳಿಸಿದ್ದನ್ನ ಓದೋರು ಇದಾರೆ. ಹೀಗೇ ತಗೊಂಡ್ ಹೋಗಿ. ಇನ್ನು ಮುಟ್ಟಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಮುಟ್ಟಬೇಡಿ."

ಅವರು ಹೇಗೆ ಓದುತ್ತಾರೆಂದು ನನಗೆ ಗೊತ್ತಿತ್ತು. ಪ್ರತಿ ವರ್ಷ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತೇನೆ. ಅಚ್ಚು ಬಿದ್ದ ಕಡೆ ಕಬ್ಬಿಣ ಆಳದವರೆಗೂ ನಲುಗಿರುತ್ತದೆ. ಮೇಲಿನ ಗುರುತು ಅಳಿಸಿದರೂ ಆ ನಲುಗು ಉಳಿದಿರುತ್ತದೆ. ತಕ್ಕ ದ್ರಾವಣ ಸವರಿದರೆ ಅಂಕಿ ಕೆಲವು ಕ್ಷಣ ಮೇಲೆದ್ದು ಕಾಣುತ್ತದೆ. ಕಾಣುವಾಗ ಫೋಟೋ ತೆಗೆದುಕೊಂಡರೆ ಸಾಕು. ಇಷ್ಟಕ್ಕೆ ಸೆಮಾರಾಂಗಿಗೆ ಹೋಗಿ, ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರು ತಾನೇ ನಂಬರು ಅಳಿಸಿದನೆಂದು ಒಪ್ಪಿಕೊಳ್ಳಬೇಕೆ?

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಶುರುಮಾಡಿದೆ. ಲಾಸ್ಮಿ ಬಿಸಿಲು ತಪ್ಪಿಸಿಕೊಳ್ಳಲು ಕಾರಿನೊಳಗೆ ಕೂತು ಹಳೆಯ ದಾಖಲೆ ನೋಡಿ ನಂಬರು ಓದುತ್ತಿದ್ದಳು.

"ನಾಕು" ಎಂದಳು. ಹತ್ತಿಯಲ್ಲಿ ಸವರಿದೆ. ಬೂದುಬಣ್ಣದ ನಾಲ್ಕು ನಿಜವಾಗಿಯೂ ಎದ್ದು ಬಂತು. ತಕ್ಷಣ ಫೋಟೋ ತೆಗೆದೆ.

"ಏಳು." ಅರ್ಧ ಏಳು ಬಂದು ಹೋಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಇನ್ನೊಮ್ಮೆ ಸವರಿದೆ. ಮತ್ತೊಮ್ಮೆ.

"ಮುಂದಿನದು ಒಂಬತ್ತು. ಬಂತಾ?"

ಹತ್ತಿ ತಗಡಿನೊಳಗೆ ಇಳಿಯಿತು. ತೆಗೆದು ನೋಡಿದರೆ ಬೆರಳುಗುರಿನಷ್ಟು ತೂತು. ಅದರೊಳಗಿಂದ ಹೆಂಡತಿಯ ಪಾದ ಕಾಣುತ್ತಿತ್ತು. ನೀಲಿ ಚಪ್ಪಲಿ, ಹೆಬ್ಬೆರಳು ತಾಳ ಹಾಕುತ್ತಿತ್ತು.

"ಬಂತಾ ಮಾಸ್?" ಎಂದು ಅವಳು ಮತ್ತೆ ಕೇಳಿದಳು. ಬೆರಳು ನಿಂತಿತು. ತೂತಿನಿಂದ ಒಳಗೆ ಬೆಳಕು ಬಿದ್ದಿರಬೇಕು.

ತಪಾಸಣೆಯ ಅಧಿಕಾರಿ ಮರ್ಯಾದಸ್ಥ. ಫೋಟೋ ನೋಡಿದ, ತೂತು ನೋಡಿದ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ಅಳಿಸಿ ಹೋಗಿದ್ರೆ ಪ್ರಯೋಗಾಲಯದ ಪತ್ರ ತನ್ನಿ ಅಂತಿದ್ದೆ ಪಾಕ್. ಇಲ್ಲಿ ಓದೋಕೆ ತಗಡೇ ಇಲ್ವಲ್ಲ. ಇದು ಯಾವ ಕಾರು ಅಂತ ನಾನು ಬರೀಲಿ?"

ಸಮಾಧಿಗೆ ಪ್ರಾಪ್ತೊನ ಡಬ್ಬಿಯಂಥ ವ್ಯಾನಿನಲ್ಲಿ ಹೋದೆವು. ಲಾಸ್ಮಿ ತಮ್ಮನ ಪಕ್ಕ ಕೂತಳು. ನಾನು ಹಿಂದೆ, ಹೂವಿನ ಬುಟ್ಟಿಯ ಜೊತೆ. ಅರ್ಧ ದಾರಿಯಲ್ಲಿ ಪ್ರಾಪ್ತೊ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಆ ಗ್ರೀಸು ತೆಗೆದ್ರಂತೆ ಮಾಸ್."

"ಕೊಳೆಯಾಗಿತ್ತು."

"ನಾನೇ ಹಚ್ತಿದ್ದೆ, ವರ್ಷಕ್ಕೆರಡು ಸಲ. ಕೆಳಗೆ ತಗಡು ಸತ್ತಿದೆ, ಗಾಳಿ ತಾಗಬಾರದು ಅಂತಿದ್ರು ಅಪ್ಪ. ತಪಾಸಣೆ ದಿನ ಬಟ್ಟೇಲಿ ಮೆಲ್ಲಗೆ ಒರೆಸೋದು, ಉಜ್ಜಿಸ್ಕೊಂಡ ತಕ್ಷಣ ಮತ್ತೆ ಮೆತ್ತೋದು. ಹೋದ ಸಲಾನೂ ಹಾಗೇ ಪಾಸಾಯ್ತು." ಗೇರು ಬದಲಿಸಿದ. ಉಗುರಿನ ಸಂದಿ ಈಗಲೂ ಕಪ್ಪಾಗಿತ್ತು. "ಕೇಳಿದ್ರೆ ಹೇಳ್ತಿದ್ದೆ."

ನಾಲ್ಕು ವರ್ಷದಲ್ಲಿ ಆ ಕಾರಿನ ಬಗ್ಗೆ ನಾನು ಅವನನ್ನು ಒಂದು ಮಾತೂ ಕೇಳಿರಲಿಲ್ಲ.

ಸಮಾಧಿಯ ಮೇಲಿನ ಒಣ ಎಲೆಗಳನ್ನು ಪ್ರಾಪ್ತೊ ಕೈಯಿಂದಲೇ ಬಳಿದು ತೆಗೆದ. ಪ್ರಾರ್ಥನೆ ಮುಗಿಯಿತು. ಲಾಸ್ಮಿ ಗುಲಾಬಿ ಪಕಳೆಗಳನ್ನು ತಲೆಯ ಕಡೆಯಿಂದ ಕಾಲಿನ ಕಡೆಗೆ ಚೆಲ್ಲುತ್ತ ಹೋದಳು. ಪ್ರತಿ ವರ್ಷ ಅಪ್ಪನಿಗೆ ಮನೆಯ ಸುದ್ದಿ ಹೇಳುವುದು ಅವಳ ರೂಢಿ. ಕಾರಿನದು ಯಾವಾಗಲೂ ಕೊನೆಗೆ.

"ಕಾರು ಮನೇಲೇ ಇದೆ ಅಪ್ಪ" ಎಂದಳು, ನನ್ನ ಕಡೆ ನೋಡದೆ. "ತುಂಬಾ ಕ್ಲೀನಾಗಿದೆ."