ಹೆಬ್ಬೆರಳಿಗೆ ಕಟ್ಟಿದ ದಾರ

ಗಾಳ ಹಾಕುವ ಮೋಜಿಗೆಂದು ದುಡ್ಡು ಕೊಟ್ಟು ಬರುವ ಗೆಸ್ಟು ದೋಣಿ ಹತ್ತುವ ಮುಂಚೆ ಅಣ್ಣನ ಬೆಲ್ಟಿನ ಹಿಂಬದಿಗೆ ಒಂದು ದಾರ ಕಟ್ಟಬೇಕಿತ್ತು. ಗಾಳದ್ದೇ ನೈಲಾನ್ ದಾರ, ಬಿಸಿಲಲ್ಲಿ ಕಣ್ಣಿಗೆ ಬೀಳದಷ್ಟು ತೆಳು. ಅದರ ಇನ್ನೊಂದು ತುದಿ ದೋಣಿಯ ಹಿಂಭಾಗದ ಎತ್ತರದ ಅಟ್ಟಣೆಯ ಮೇಲೆ ದೋಣಿ ತಳ್ಳುವ ಗಳ ಹಿಡಿದು ನಿಲ್ಲುವ ತಂಗಿಯ ಕಾಲಿನ ಹೆಬ್ಬೆರಳಿಗೆ. ಒಂದು ಸಲ ಎಳೆದರೆ ಮೀನು ಎಡಕ್ಕೆ, ಎರಡು ಸಲ ಎಳೆದರೆ ಬಲಕ್ಕೆ. ಆಮೇಲೆ ಸ್ವಲ್ಪ ತಡೆದು ಎಷ್ಟು ಸಲ ಎಳೆದಳೋ ಅಷ್ಟು ಹತ್ತು ಅಡಿ ದೂರ. ಅಣ್ಣ ಮುಂದೆ ಗೆಸ್ಟಿನ ಪಕ್ಕ ನಿಂತು, ಕಪ್ಪು ಕನ್ನಡಕ ಮೇಲಕ್ಕೆತ್ತಿ, ದೊಡ್ಡದಾಗಿ ಯೋಚಿಸಿದವನಂತೆ, ಎಡಗಡೆ ನಲವತ್ತಡಿ ಎಸೀರಿ ಸಾರ್ ಅನ್ನುತ್ತಿದ್ದ. ಗೆಸ್ಟು ಗಾಳ ಎಸೆಯುತ್ತಿದ್ದ, ಮೀನು ಕಚ್ಚುತ್ತಿತ್ತು, ಫೋಟೊ ಹೊಡೆದು ಮೀನನ್ನು ನೀರಿಗೆ ಬಿಡುತ್ತಿದ್ದರು. ಫೋಟೊದಲ್ಲಿ ಗೆಸ್ಟು, ಮೀನು ಮತ್ತು ಅಣ್ಣ. ಎಲ್ಲರೂ ಅವನನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಅವಳನ್ನು ಯಾರೂ ಏನೂ ಕರೆಯುತ್ತಿರಲಿಲ್ಲ.

ಹನ್ನೊಂದು ವರ್ಷ ನಡೆದ ಆಟ ಇದು. ಅಪ್ಪ ಇಬ್ಬರಿಗೂ ಒಂದೇ ಪಾಠ ಹೇಳಿಕೊಟ್ಟಿದ್ದ: ಮೊಣಕಾಲುದ್ದದ ಸಮುದ್ರದ ನೀರಲ್ಲಿ ಮೀನನ್ನೇ ಹುಡುಕಬೇಡಿ, ಅದರ ಮೈ ಕನ್ನಡಿ, ಕಾಣುವುದಿಲ್ಲ. ಮರಳಿನ ಮೇಲೆ ಓಡುವ ನೆರಳನ್ನು ಹುಡುಕಿ. ತಂಗಿಗೆ ಕಂಡಿತು, ಅಣ್ಣನಿಗೆ ಕಾಣಲಿಲ್ಲ. ಅದೇನೂ ಅಪರಾಧವಲ್ಲ, ಎಲ್ಲರಿಗೂ ಎಲ್ಲವೂ ಬರಬೇಕೆಂದಿಲ್ಲ. ಬಾರದ್ದನ್ನು ಬರುತ್ತದೆಂದು ಮೆರೆಯುವುದಿದೆಯಲ್ಲ, ಅದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದರೂ ತುಟಿಪಿಟಕ್ಕೆನ್ನದೆ ಎಳೆಯುತ್ತಿದ್ದಳು. ಆ ಹೆಬ್ಬೆರಳಿಗೆ ದಾರ ಕೊರೆದು ಉಂಗುರದಷ್ಟು ಗುಳಿ ಬಿದ್ದಿತ್ತು.

ಈ ವರ್ಷ ಹೊಸ ಕಾನೂನು ಬಂತು. ಇನ್ನು ಮೇಲೆ ಗೆಸ್ಟುಗಳನ್ನು ಕರೆದೊಯ್ಯುವವರಿಗೆ ಲೈಸೆನ್ಸ್ ಬೇಕು. ಪರೀಕ್ಷಕ ಬಂದು ನೀರಿನ ಮೇಲೇ ಪರೀಕ್ಷೆ ಮಾಡುತ್ತಾನೆ, ಒಂದು ದೋಣಿಗೆ ಒಂದೇ ಹೆಸರು. ನನ್ನ ಹೆಸರು ಕೊಡು ಎಂದು ಅವಳು ಕೇಳಿದಳು, ಅದೂ ಒಂದೇ ಸಲ, ಊಟಕ್ಕೆ ಕೂತಾಗ. ಅಣ್ಣ ನಕ್ಕ. ಅತ್ತಿಗೆಯೂ ನಕ್ಕಳು. ಅಮ್ಮ ಮಾತ್ರ ನಗಲಿಲ್ಲ. ಲೈಸೆನ್ಸು ಮನೆ ಗಂಡಸಿನ ಹೆಸರಲ್ಲಿದ್ದರೆ ಮರ್ಯಾದೆ ಕಣೆ, ನಿನಗೇನು ಕಡಿಮೆಯಾಗಿದೆ ಎಂದು ಕೇಳಿದಳು. ಅದಕ್ಕಿಂತ ಆ ನಗುವೇ ವಾಸಿಯಿತ್ತು.

ಪರೀಕ್ಷೆಯ ದಿನ ಬೆಳಗ್ಗೆ ಅಣ್ಣ ತಾನೇ ಬಗ್ಗಿ ಅವಳ ಹೆಬ್ಬೆರಳಿಗೆ ದಾರ ಸುತ್ತಿದ. ಜೋರಾಗಿ ಎಳೀಬೇಡ, ಹೋದ ವಾರ ಬೆಲ್ಟೇ ಕಿತ್ತು ಬರ್ತಿತ್ತು ಎಂದು ಬೈದ. ಅಷ್ಟರಲ್ಲಿ ಪರೀಕ್ಷಕ ಬಂದ. ಮೂವತ್ತು ವರ್ಷ ಇದೇ ಕಸುಬು ಮಾಡಿದ ಮುದುಕ, ಬಿಸಿಲಿಗೆ ಮುಖ ಚರ್ಮದ ಚೀಲದಂತಾಗಿತ್ತು. ಗಾಳದ ಕೋಲು ಹಿಡಿದು ಮುಂದೆ ನಿಂತು, ನಾನೇ ಗೆಸ್ಟು ಅಂದುಕೊಳ್ಳಿ, ಮೀನು ತೋರಿಸಿ, ಮಿಕ್ಕಿದ್ದು ನನಗೆ ಬಿಡಿ ಎಂದ.

ಮೊದಲ ಎರಡು ಮೀನನ್ನು ಅವಳು ಎಳೆದು ತೋರಿಸಿದಳು. ಅಣ್ಣ ಹೇಳಿದ, ಪರೀಕ್ಷಕ ತಲೆಯಾಡಿಸಿ ಗುರುತು ಹಾಕಿಕೊಂಡ. ಇನ್ನು ಒಂದು ತೋರಿಸಿದ್ದರೆ ಪರೀಕ್ಷೆ ಮುಗಿಯುತ್ತಿತ್ತು. ಆಗ ಪರೀಕ್ಷಕ ಹಿಂದೆ ತಿರುಗಿ, ಗಳ ಹಾಕುವವರು ಯಾರು, ಒಂದು ಹನಿ ಸದ್ದಿಲ್ಲವಲ್ಲ ಎಂದು ಕೇಳಿದ.

"ತಂಗಿ ಸಾರ್. ಮೀನಿಗೂ ಕಲ್ಲಿಗೂ ವ್ಯತ್ಯಾಸ ಗೊತ್ತಿಲ್ಲ ಅವಳಿಗೆ. ತಳ್ಳು ಅಂದ್ರೆ ತಳ್ತಾಳೆ, ನಿಲ್ಸು ಅಂದ್ರೆ ನಿಲ್ಲಿಸ್ತಾಳೆ. ಎತ್ತಿನ ಥರ."

ಕೋಪ ನೆತ್ತಿಗೇರಿತು ಅನ್ನುತ್ತಾರಲ್ಲ, ಅವಳಿಗೆ ಹಾಗಾಗಲಿಲ್ಲ. ಕೋಪ ಕಾಲಿಗಿಳಿಯಿತು. ಅವಳು ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳ ದಾರವನ್ನು ಹಲ್ಲಿಂದ ಕಡಿದು ನೀರಿಗೆ ಉಗುಳಿ, ಮತ್ತೆ ಎದ್ದು ನಿಂತಳು.

ಬಲಗಡೆಯಿಂದ ಒಂದು ಹಿಂಡು ಬಂತು. ಅಣ್ಣ ಸೊಂಟದ ಕಡೆ ಗಮನವಿಟ್ಟು ಕಾದ. ಹಿಂಡು ದೋಣಿಯ ಬಲಮಗ್ಗುಲಲ್ಲೇ ಹಾದುಹೋಯಿತು. ಅವನು ಕೆಮ್ಮಿದ, ಬೆಲ್ಟು ಸರಿಮಾಡಿಕೊಂಡ, ಹಿಂದೆ ತಿರುಗಿ ಕಣ್ಣು ಕೆಂಪು ಮಾಡಿದ. ಕೊನೆಗೆ ದಿಕ್ಕು ತೋಚದೆ, ಎಡಗಡೆ, ಮೂವತ್ತಡಿ, ಭಾರಿ ಮೀನು ಎಂದುಬಿಟ್ಟ. ಪರೀಕ್ಷಕ ಎಸೆದ. ಗಾಳ ಪಾಚಿ ಹಿಡಿದ ಬಂಡೆಗೆ ಸಿಕ್ಕಿಕೊಂಡಿತು. ಬಿಸಿಲು ಹೊಳೀತಿದೆ ಸಾರ್, ಇವತ್ತು ನೀರೇ ಸರಿಯಿಲ್ಲ ಎಂದ ಅಣ್ಣ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನಿಗೆ ಸಮುದ್ರವೇ ಡೊಂಕಾಯಿತು.

"ಬಲಗಡೆ ಹದಿನಾಲ್ಕು ಮೀನು ಹೋದ್ವು," ಎಂದ ಪರೀಕ್ಷಕ.

"ಹದಿನೇಳು," ಎಂದಳು ಅವಳು ಹಿಂದಿನಿಂದ. "ಮೂರು ಹಿಂದೆ ಉಳಿದಿವೆ ಸಾರ್, ಆ ತಗ್ಗಲ್ಲಿ. ಬಾಲ ಮೇಲಕ್ಕಿದೆ, ಇನ್ನೂ ತಿಂತಿವೆ."

ಪರೀಕ್ಷಕ ಕೈ ಅಡ್ಡ ಹಿಡಿದು ಆ ಕಡೆ ತುಂಬ ಹೊತ್ತು ನೋಡಿದ. ಆಮೇಲೆ ಅಣ್ಣನ ಬೆಲ್ಟಿನಿಂದ ಜೋತಾಡುತ್ತಿದ್ದ ದಾರವನ್ನು ನೋಡಿದ, ಅವಳ ಕಾಲನ್ನು ನೋಡಿದ. ನಿನ್ನದು ಆಗಲಿಲ್ಲ ಕಣಪ್ಪ, ದೋಣಿಯಲ್ಲಿ ಬೇರೆ ಯಾರಾದರೂ ಪರೀಕ್ಷೆಗೆ ಕೂರುವುದಾದರೆ ಈಗಲೇ ಕೂರಬಹುದು, ಇನ್ನೊಂದು ಗಂಟೆ ನೀರು ಹದವಾಗಿರುತ್ತದೆ ಎಂದ. ಅವಳು ಅಟ್ಟಣೆಯಿಂದಿಳಿದು ಗಳವನ್ನು ಅಣ್ಣನ ಕೈಗೆ ಕೊಟ್ಟು ಮುಂದಕ್ಕೆ ಹೋದಳು.

ಅಣ್ಣ ತಳ್ಳಿದ. ತಳ್ಳಿದ ಅನ್ನುವುದಕ್ಕಿಂತ ಕುಟ್ಟಿದ ಅನ್ನಬೇಕು. ಅವಳು ಬೆರಳು ಮಾಡಿದ ಕೂಡಲೇ ಗಳ ದೋಣಿಯ ಹೊಟ್ಟೆಗೆ ಢಣ್ ಎಂದು ಬಡಿಯಿತು. ನೆರಳುಗಳು ಚೆಲ್ಲಾಪಿಲ್ಲಿಯಾದವು. ಅಯ್ಯೋ ಜಾರಿತು ಎಂದ. ಎರಡನೇ ಹಿಂಡಿಗೂ ಹಾಗೇ ಜಾರಿತು. ಹನ್ನೊಂದು ವರ್ಷ ಬಿಸಿಲಲ್ಲಿ ನಿಂತು ಇವನ ಹೆಂಡತಿ ಮಕ್ಕಳನ್ನು ಸಾಕಿದ್ದಕ್ಕೆ ಇದು ಉಡುಗೊರೆ. ಬೇರೆಯವರು ಮಾಡಿದ್ದರೆ ಹೊಟ್ಟೆಕಿಚ್ಚು ಅನ್ನಬಹುದಿತ್ತು. ಒಡಹುಟ್ಟಿದವನೇ ಮಾಡಿದರೆ ಏನನ್ನುವುದು?

ಅವಳು ಸದ್ದಾಗದಂತೆ ದೋಣಿಯ ಅಂಚಿನಿಂದ ಜಾರಿ ನೀರಿಗಿಳಿದಳು. ನೀರು ಮೊಣಕಾಲಿನ ಮೇಲಕ್ಕಿತ್ತು.

"ಇಳೀರಿ ಸಾರ್. ಕಾಲು ಎತ್ತಬೇಡಿ, ಎಳ್ಕೊಂಡು ಬನ್ನಿ. ಮರಳಲ್ಲಿ ತೊರಕೆ ಮೀನು ಮಲಗಿರುತ್ತೆ, ತುಳಿದ್ರೆ ಬಾಲದ ಮುಳ್ಳಲ್ಲಿ ಚುಚ್ಚುತ್ತೆ."

ಮುದುಕ ಇಳಿದ. ಇಬ್ಬರೂ ಕಾಲೆಳೆಯುತ್ತ ದೋಣಿಯಿಂದ ಇನ್ನೂರು ಹೆಜ್ಜೆ ದೂರ ಹೋದರು. ಆ ಮೂರು ಮೀನು ಇನ್ನೂ ತಗ್ಗಿನಲ್ಲೇ ಇದ್ದವು. ಅವಳು ಅವನ ಮೊಣಕೈ ಮುಟ್ಟಿ, ಎಡಕ್ಕೆ, ಐವತ್ತಡಿ, ಮೂತಿಯ ಮುಂದೆ ಹಾಕಿ ಎಂದು ಪಿಸುಗುಟ್ಟಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮಾತು ಅವಳ ಸ್ವಂತ ಬಾಯಿಂದ ಬಂದಿತ್ತು. ಮೀನು ಕಚ್ಚಿ, ದಾರ ಸುಯ್ಯೆಂದು ಬಿಚ್ಚಿಕೊಂಡು ಓಡಿತು. ಇನ್ನೂ ಎರಡನ್ನು ಹಾಗೆಯೇ ಹಿಡಿದು ಬಿಟ್ಟರು. ಅಷ್ಟರಲ್ಲಿ ಅಣ್ಣ ಇಂಜಿನ್ ಚಾಲೂ ಮಾಡಿ, ಇಬ್ಬರನ್ನೂ ನೀರಲ್ಲೇ ಬಿಟ್ಟು ಹೊರಟುಹೋಗಿದ್ದ.

ದಡಕ್ಕೆ ಮುಕ್ಕಾಲು ಗಂಟೆ ನಡೆದರು. ನೀರು ಏರುತ್ತ ತೊಡೆಯವರೆಗೆ ಬಂದಿತ್ತು. ಪರೀಕ್ಷಕ ಒದ್ದೆ ಪ್ಯಾಂಟಲ್ಲೇ ತನ್ನ ಜೀಪಿನ ಬಾನೆಟ್ ಮೇಲೆ ಫಾರಂ ಹರಡಿಕೊಂಡು ಅವಳ ಹೆಸರು, ವಯಸ್ಸು ಬರೆದ. ದೋಣಿಯ ನಂಬರಿಗೆ ಬಂದಾಗ ಅಣ್ಣ ಪಕ್ಕದಲ್ಲಿ ಬಂದು ನಿಂತಿದ್ದ. ಲೈಸೆನ್ಸಿನ ಮೇಲೆ ನಂಬರು ಬೀಳದಿದ್ದರೆ ನಾಳೆಯಿಂದ ಅವನ ದೋಣಿಗೆ ಒಬ್ಬ ಗೆಸ್ಟೂ ಹತ್ತುವಂತಿರಲಿಲ್ಲ. ಅದು ಅವನಿಗೆ ದಾರಿಯಲ್ಲೆಲ್ಲೋ ಹೊಳೆದಿತ್ತು. ಮುಖದಲ್ಲಿ ಬೆಣ್ಣೆ ಕರಗುತ್ತಿತ್ತು.

"ನಮ್ಮ ದೋಣಿ ನಂಬರೇ ಹಾಕಿ ಸಾರ್. ಒಂದೇ ಮನೆಯಲ್ವಾ, ಮೊದಲಿನ ಥರಾನೇ ನಡ್ಕೊಂಡು ಹೋಗುತ್ತೆ."

ಪರೀಕ್ಷಕ ಪೆನ್ನು ಎತ್ತಿ ಹಿಡಿದು ಅವಳ ಮುಖ ನೋಡಿದ. ಇವತ್ತು ರಾತ್ರಿ ಮನೆಯಲ್ಲಿ ಅಮ್ಮ ಏನೆನ್ನುತ್ತಾಳೆ, ಅತ್ತಿಗೆ ಪಾತ್ರೆಗಳನ್ನು ಹೇಗೆ ಕುಕ್ಕುತ್ತಾಳೆ, ಎಲ್ಲ ಅವಳಿಗೆ ಗೊತ್ತಿತ್ತು.

"ದೋಣಿ ಇಲ್ಲ ಅಂತ ಬರೀರಿ."

"ದೋಣಿ ಇಲ್ದೆ ಗೆಸ್ಟುಗಳನ್ನ ಹೇಗಮ್ಮ ಕರ್ಕೊಂಡು ಹೋಗ್ತೀಯ?"

"ನಿಮ್ಮನ್ನ ಕರ್ಕೊಂಡು ಹೋದ ಹಾಗೆ."

ಮುದುಕ ಆ ಖಾನೆಯಲ್ಲಿ ಕಾಲ್ನಡಿಗೆ ಎಂದು ಬರೆದು ಸಹಿ ಹಾಕಿದ. ಅಣ್ಣನ ಮುಖದ ಬೆಣ್ಣೆಯೆಲ್ಲ ಇಳಿದುಹೋಯಿತು. ಹಾಗಾದರೆ ನನ್ನ ದೋಣಿಯ ಗತಿ ಏನು, ಅದನ್ನಾದರೂ ಹೇಳು ಎಂದು ಕೂಗಾಡಿದ.

ಅವಳು ಫಾರಂ ಮಡಚಿ ತೇವವಿಲ್ಲದ ಮೇಲುಜೇಬಿಗೆ ಹಾಕಿಕೊಂಡಳು.

"ತಳ್ಳೋಕೆ ಜನ ಬೇಕಾದಾಗ ಹೇಳಿ ಕಳಿಸ್ತೀನಿ ಅಣ್ಣ. ಅಷ್ಟರೊಳಗೆ ಸದ್ದು ಮಾಡದೆ ಗಳ ಹಾಕೋದನ್ನ ಕಲ್ತಿರು."