ಕಾಸೀಮಬೀ ಕಲಿಸಿದ ಉರ್ದು

ಕುಷ್ಟಗಿಯಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟಿದ್ದ ಅಮರಪ್ಪನ ಮಗ ಗ್ಯಾನಪ್ಪ ಗದಗಿನಲ್ಲಿ ಮ್ಯಾಟ್ರಿಕ್ ಪಾಸಾಗಿ ಬಂದ. ಅವನಿಗೆ ಧಾರವಾಡದ ಕಾಲೇಜಿನ ಆಸೆ. ಅಪ್ಪನದು ಒಂದೇ ಹಟ: "ನಿಜಾಮ ಸರ್ಕಾರದಾಗ ನೌಕರಿ ಬೇಕಂದ್ರ ಹೈದರಾಬಾದಿಗೇ ಹೋಗು." ಅಲ್ಲಿಯ ಕಾಲೇಜಿನಲ್ಲೋ ಗಣಿತದಿಂದ ಹಿಡಿದು ರಸಾಯನಶಾಸ್ತ್ರದವರೆಗೆ ಎಲ್ಲವೂ ಉರ್ದು. ಗದಗಿನಲ್ಲಿ ಕನ್ನಡ, ಇಂಗ್ಲಿಷು ಓದಿದ ಹುಡುಗ ಏನು ಮಾಡಬೇಕು, ನೀವೇ ಹೇಳಿ!

ಆಗ ಹಿಂದಿನ ಓಣಿಯ ಕಾಸೀಮಬೀ ನೆನಪಾದಳು. ಬಳೆ ಮಾರಿ ಬದುಕುತ್ತಿದ್ದ ವಿಧವೆ. ಹುಡುಗಿಯರಿಗೆ ಕುರಾನು ಓದಿಸುತ್ತಿದ್ದಳು. ಉರ್ದು ಅಂದರೆ ಕಾಸೀಮಬೀ ಮನೆಯಲ್ಲಿ ಆಡುವ ಮಾತು ಎಂದೇ ಓಣಿಯೆಲ್ಲ ನಂಬಿತ್ತು. ಪಾಪ, ಅವಳೂ ಹಾಗೇ ನಂಬಿದ್ದಳು. ಒಂದು ವರ್ಷ ಗ್ಯಾನಪ್ಪನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಅಕ್ಷರ ತಿದ್ದಿಸಿದಳು, ಮಾತು ಕಲಿಸಿದಳು. ತಪ್ಪಿದರೆ ತಲೆಗೊಂದು ಮೊಟಕು. ಅವನು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ. "ನನ್ನ ಹೊಟ್ಟ್ಯಾಗ ಮಕ್ಕಳಿಲ್ಲ, ನೀನಾರ ದೊಡ್ಡ ಸಾಹೇಬ ಆಗು" ಎನ್ನುತ್ತಿದ್ದಳು.

ಹೈದರಾಬಾದಿನ ಕಾಲೇಜಿನಲ್ಲಿ ಸೀಟು ಕೊಡುವ ಮುನ್ನ ಪರೀಕ್ಷಿಸಲು ಮೇಜಿನಾಚೆ ಮೂವರು ಪ್ರೊಫೆಸರರು, ಮೂವರೂ ಅಪ್ಪಟ ಉರ್ದುವಿನ ಲಖನೌ ಕಡೆಯವರು. ನಿಮ್ಮೂರಿನ ಬಗ್ಗೆ ಹೇಳು ಎಂದರು. ಗ್ಯಾನಪ್ಪ ಎದೆಯುಬ್ಬಿಸಿ ಶುರುಮಾಡಿದ. ಎರಡು ಮಾತಿಗೇ ಒಬ್ಬರು ಕರವಸ್ತ್ರ ಬಾಯಿಗೆ ಹಿಡಿದರು. ಮತ್ತೊಬ್ಬರು, ನಿನ್ನ ಉಸ್ತಾದರು ಯಾರು ಎಂದು ಕೇಳಿದರು. "ಬಳೆ ಮಾರುವ ಕಾಸೀಮಬೀ ಖಾಲಾ" ಎಂದ, ಅಭಿಮಾನದಿಂದಲೇ. ಆಗ ನೋಡಿ, ಮೂವರೂ ಬಿದ್ದುಬಿದ್ದು ನಕ್ಕರು. ಇದು ಸಂತೆಯ ಹೆಂಗಸರ ಭಾಷೆ, ಬಳೆ ಮಾರೋದಕ್ಕೆ ಸಾಕು, ಕಾಲೇಜಿಗಲ್ಲ ಎಂದು ಕಳಿಸಿಬಿಟ್ಟರು. ಅವರ ನಗು ರೈಲಿನಲ್ಲಿ ಕೊಪ್ಪಳದವರೆಗೂ ಅವನ ಕಿವಿಯಲ್ಲಿತ್ತು. ತನಗಾದ ಅವಮಾನಕ್ಕಿಂತ ಖಾಲಾಗೆ ಆದದ್ದೇ ಅವನನ್ನು ಸುಟ್ಟಿತು.

ಅಂಗಡಿಯ ಮುಂದೆ ಅಮರಪ್ಪ ತಡೆದು ನಿಲ್ಲಿಸಿದ.

"ಸೀಟ್ ಯಾಕ ಸಿಗಲಿಲ್ಲ? ಖರೇ ಹೇಳು. ಕಲಿಸಿದ್ದ ಸರಿ ಇಲ್ಲಂದ್ರ ಕಲಬುರ್ಗಿಯೊಳಗ ಉರ್ದು ಕಲಸೋ ಮುನ್ಷಿ ಅದಾರ, ಇನ್ನೊಂದ ವರ್ಷ ಅಲ್ಲಿಟ್ಟು ಓದಸ್ತೀನಿ. ನೀನ ಓದಿಲ್ಲಂದ್ರ ನಿನ್ನ ಕಾಲೇಜು ಇಲ್ಲಿಗೇ ಮುಗೀತು."

ನಡೆದದ್ದೆಲ್ಲ ಗ್ಯಾನಪ್ಪನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಸುದ್ದಿ ಕೇಳಿ ಓಡಿಬಂದ ಕಾಸೀಮಬೀ ಬಳೆಯ ಬುಟ್ಟಿ ಕಂಕುಳಲ್ಲೇ ಇಟ್ಟುಕೊಂಡು ಎದುರಿಗೆ ನಿಂತಳು. "ನನ್ನ ಉರ್ದು ಕೇಳಿ ಏನಂದ್ರೋ ಬೇಟಾ?" ಎಂದಳು. ಮುಖ ಬಿಳುಚಿತ್ತು.

ಗ್ಯಾನಪ್ಪ ತಲೆ ತಗ್ಗಿಸಿದ. "ಕಲಿಸಿದವರು ಭಾಳ ಛಲೋ ಕಲಿಸ್ಯಾರ ಅಂದ್ರು. ನಾನ ಓದಲಿಲ್ಲ ಅಪ್ಪಾ."

ಕಾಸೀಮಬೀಯ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಸಿಟ್ಟು ನೆತ್ತಿಗೇರಿತು.

"ಎಲಾ ನಾಲಾಯಕ್! ಒಂದ ವರ್ಷ ಗಂಟಲ ಹರಕೊಂಡೆನಲ್ಲೋ!" ಅಮರಪ್ಪನ ಕಡೆ ತಿರುಗಿದಳು. "ಇಂಥವಗ ಕಾಲೇಜ್ ಯಾಕ್ರಿ ಅಣ್ಣಾರ? ಅಂಗಡ್ಯಾಗ ಕುಂದರಸ್ರಿ."

"ಖರೇ ಮಾತು ಬಿಡವಾ" ಎಂದ ಅಮರಪ್ಪ.

ಗ್ಯಾನಪ್ಪನಿಗೆ ಕಿರುಚಿ ಹೇಳಬೇಕೆನಿಸಿತು. ಕಾಸೀಮಬೀ ಕಣ್ಣೊರೆಸಿಕೊಳ್ಳುತ್ತ ಹೊರಟಿದ್ದಳು. ಅವನು ಅಂಗಡಿಯೊಳಗೆ ಹೋಗಿ ಅಪ್ಪ ತೋರಿಸಿದ ಜಾಗದಲ್ಲಿ ಕುಳಿತ. ಅವಳು ಮತ್ತೆಂದೂ ಅವನ ಜೊತೆ ಮಾತಾಡಲಿಲ್ಲ.